ಕುರ್ಚಿಯಲ್ಲಿ ಕೂರುವವರು ಯಾರು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಅಲ್ಲಿಂದೀಚೆಗೆ ನನಗೆ ಬರುವ ಫೋನುಗಳ ಧಾಟಿ ಒಂದೇ. ಮುಂಬೈ ಕಡೆಯ ಡೊಂಬಿವಲಿಯಿಂದ, ಮುಲುಂಡಿನಿಂದ, ಮಾಟುಂಗದಿಂದ ನಮ್ಮ ಕನ್ನಡದವರೇ ಮಾಡುತ್ತಾರೆ. "ಹಳೇ ಕಂಪ್ಯೂಟರ್ ಇದೆ, ವಿಂಡೋಸ್ 11 ಹಾಕೋಕೆ ಆಗಲ್ಲ ಅಂತಾರೆ. ಲಿನಕ್ಸ್ ಹಾಕಿಕೊಡಿ. ಎಲ್ಲಕ್ಕಿಂತ ಹಗುರವಾದ ಡೆಸ್ಕ್‌ಟಾಪ್ ಯಾವುದೋ ಅದನ್ನೇ ಹಾಕಿ." ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಬಹುದಾದ ಇನ್ನೊಂದು ವ್ಯವಸ್ಥೆ. ಡೆಸ್ಕ್‌ಟಾಪ್ ಅಂದರೆ ಅದರಲ್ಲಿ ಮೆನು, ಐಕಾನ್, ಪಟ್ಟಿ ತೋರಿಸುವ ಭಾಗ, ಅದರಲ್ಲಿ ಹಲವು ಬಗೆ. ನಾನು ಕೇಳುವ ಮೊದಲ ಪ್ರಶ್ನೆ, "ಅದರ ಮುಂದೆ ಕೂರೋದು ಯಾರು?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದಕ್ಕೂ ಇದಕ್ಕೂ ಏನು ಸಂಬಂಧ?"

ತುಂಬಾ ಸಂಬಂಧ ಇದೆ.

ಡೊಂಬಿವಲಿ ಪೂರ್ವದಲ್ಲಿ ಒಬ್ಬರು ಟೀಚರ್ ಇದ್ದಾರೆ. ಮುಂಬೈಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಈಗ ಪತ್ರಿಕೆಗಳಿಗೆ ಬರೆಯುತ್ತಾರೆ, ಸಂಘದ ಸ್ಮರಣ ಸಂಚಿಕೆಗೆ ಬರೆಯುತ್ತಾರೆ. ಅವರದು ಕೋರ್ 2 ಡುಯೋ ಇರುವ ಹಳೇ ಡಬ್ಬ, 4 ಜಿಬಿ ರ‍್ಯಾಮ್. ಪುಣೆಯಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನ ಮಗ ರಜೆಗೆ ಬಂದಿದ್ದಾಗ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ. ಡೆಸ್ಕ್‌ಟಾಪ್ ಅಂತ ಏನೂ ಇಲ್ಲ, ಬರೀ ಒಂದು ವಿಂಡೋ ಮ್ಯಾನೇಜರ್, ಅಂದರೆ ತೆರೆದ ಕಿಟಕಿಗಳನ್ನು ಪರದೆಯ ಮೇಲೆ ಜೋಡಿಸುವ ಭಾಗ ಮಾತ್ರ. "ಅತ್ತೆ, 200 ಎಂಬಿ ಕೂಡ ತಿನ್ನಲ್ಲ" ಅಂತ ಖುಷಿಯಿಂದ ಹೇಳಿ ಹೋದ.

ನಾಲ್ಕು ತಿಂಗಳ ಮೇಲೆ ನಾನು ಹೋದೆ. ಪರದೆ ಬೂದು ಬಣ್ಣ. ಒಂದು ಐಕಾನ್ ಇಲ್ಲ, ಮೆನು ಇಲ್ಲ, ಗಡಿಯಾರ ಇಲ್ಲ. ಮಾನಿಟರ್ ಅಂಚಿಗೆ ಸೆಲ್ಲೋಟೇಪಿನಲ್ಲಿ ಒಂದು ಚೀಟಿ ಅಂಟಿಸಿತ್ತು. "ವಿಂಡೋಸ್ ಕೀ + ಎಂಟರ್ – ಟರ್ಮಿನಲ್. ವಿಂಡೋಸ್ ಕೀ + ಡಿ – ಹೆಸರು ಟೈಪ್ ಮಾಡಿ" ಅಂತ ಹುಡುಗನ ಅಕ್ಷರ. ಟರ್ಮಿನಲ್ ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ. ಕೀಬೋರ್ಡಿನ ಮೇಲೆ ಕ್ರೋಶಾ ಬಟ್ಟೆ ಹೊದಿಸಿದ್ದರು. ಪಕ್ಕದಲ್ಲಿ ಲಾಂಗ್ ಬುಕ್, ಅದರ ತುಂಬಾ ಕೈಬರಹ. "ನಂಗೆ ಕಂಪ್ಯೂಟರ್ ಮರೆತೇ ಹೋಯ್ತು ನೋಡಿ" ಅಂದರು, ತಪ್ಪು ತಮ್ಮದೇ ಅನ್ನುವ ಹಾಗೆ.

ಅವರಿಗೆ ಏನೂ ಮರೆತಿರಲಿಲ್ಲ. ಅವರಿಗೆ ಗೊತ್ತಿದ್ದದ್ದನ್ನೆಲ್ಲ ಪರದೆಯಿಂದ ತೆಗೆದುಹಾಕಲಾಗಿತ್ತು, ಅಷ್ಟೇ. ನನಗೆ ಸಿಟ್ಟು ಬರುವುದು ಇಲ್ಲಿ. ಹುಡುಗ ಕೆಟ್ಟವನಲ್ಲ, ಅತ್ತೆ ಮೇಲೆ ಪ್ರೀತಿ ಇದ್ದೇ ಮಾಡಿದ. ಆದರೆ ಒಂದು ಅಂಕಿಯನ್ನು ನೋಡಿದ, ಮನುಷ್ಯರನ್ನು ನೋಡಲಿಲ್ಲ. ಅದಕ್ಕಿಂತ ಬೇಜಾರಿನ ಸಂಗತಿ ಅಂದರೆ, ಇಷ್ಟೆಲ್ಲ ಮಾಡಿಯೂ ಬ್ರೌಸರ್ ತೆರೆಯಲು ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ ಈಗಲೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು.

ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ. ಎಷ್ಟು ಸಲ ಹೇಳಿದರೂ ಜನ ತಪ್ಪು ತಿಳಿಯುವ ಜಾಗ ಇದೊಂದೇ.

4 ಜಿಬಿ ರ‍್ಯಾಮಿನಲ್ಲಿ ಗ್ರಾಫಿಕ್ಸ್‌ಗೆ ಸ್ವಲ್ಪ ಹೋಗಿ ಉಳಿಯುವುದು ಸುಮಾರು 3800 ಎಂಬಿ ಅಂತ ಇಟ್ಟುಕೊಳ್ಳಿ. ಏನೂ ತೆರೆಯದೆ ಸುಮ್ನೆ ಇಟ್ಟಾಗ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಇರುವ ಸಿಸ್ಟಮ್ 600ರಿಂದ 800 ಎಂಬಿ ಹಿಡಿಯುತ್ತದೆ. ಎಲ್‌ಎಕ್ಸ್‌ಕ್ಯೂಟಿ ಅನ್ನುವ ಇನ್ನೊಂದು ಅದಕ್ಕಿಂತ ನೂರು ಇನ್ನೂರು ಕಮ್ಮಿ. ಬರೀ ವಿಂಡೋ ಮ್ಯಾನೇಜರ್ ಆದರೆ 200–300. ಗ್ನೋಮ್ ಅನ್ನುವ ಭಾರದ ಡೆಸ್ಕ್‌ಟಾಪ್ 1200 ದಾಟುತ್ತದೆ. ಇವು ನನ್ನ ಮೇಜಿನ ಮೇಲೆ ಕಂಡ ಅಂಕಿಗಳು. ಆವೃತ್ತಿ ಬದಲಾದರೆ, ಯಂತ್ರ ಬದಲಾದರೆ ಹೆಚ್ಚುಕಮ್ಮಿ ಆಗುತ್ತದೆ. ಈಗ ಬ್ರೌಸರ್ ತೆರೆಯಿರಿ. ಒಂದು ಮೇಲ್, ಒಂದು ಬ್ಯಾಂಕು, ಒಂದು ದಿನಪತ್ರಿಕೆ, ಒಂದು ಯೂಟ್ಯೂಬ್. ಸಲೀಸಾಗಿ 1500ರಿಂದ 2000 ಎಂಬಿ ಹೋಯಿತು. ಇದು ಬ್ರೌಸರಿನ ಸೋಮಾರಿತನವಲ್ಲ. ಒಂದು ಜಾಲತಾಣದ ಕೈ ಇನ್ನೊಂದರ ಜೇಬಿಗೆ ಹೋಗಬಾರದು ಅಂತ ಈಗಿನ ಬ್ರೌಸರುಗಳು ಪ್ರತಿಯೊಂದನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸುತ್ತವೆ. ಪ್ರತಿ ಕೋಣೆಗೂ ಖರ್ಚು ಇದೆ.

ಹಾಗಾದರೆ ಎಕ್ಸ್‌ಎಫ್‌ಸಿಇ ಬದಲು ಬರೀ ವಿಂಡೋ ಮ್ಯಾನೇಜರ್ ಹಾಕಿದ್ದರಿಂದ ಟೀಚರಿಗೆ ಉಳಿದದ್ದೇನು? 400 ಎಂಬಿ. ಒಂದೆರಡು ಟ್ಯಾಬಿಗೆ ಸರಿಹೋಯಿತು. ಅದಕ್ಕೆ ಕೊಟ್ಟಿದ್ದು ಮೆನು, ಗಡಿಯಾರ, ಪೆನ್‌ಡ್ರೈವ್ ಹಾಕಿದ ಕೂಡಲೇ ಕಾಣಿಸುವ ಸೌಕರ್ಯ, ವೈಫೈ ಗುರುತು, ಕನ್ನಡ ಟೈಪಿಂಗ್.

ಹೋಟೆಲಿನವರಿಗೆ ನಾನು ಹೀಗೆ ಹೇಳುತ್ತೇನೆ. ರ‍್ಯಾಮ್ ಅಂದರೆ ನಿಮ್ಮ ಅಡುಗೆಮನೆ ಕಟ್ಟೆ. ಹಾರ್ಡ್ ಡಿಸ್ಕ್ ಅಂದರೆ ಮೇಲಿನ ಅಟ್ಟ. ಡೆಸ್ಕ್‌ಟಾಪ್ ಅಂದರೆ ಕಟ್ಟೆಯ ಮೂಲೆಯಲ್ಲಿರುವ ಮಸಾಲೆ ಡಬ್ಬ. ಬ್ರೌಸರ್ ಅಂದರೆ ಸಾಂಬಾರಿನ ದೊಡ್ಡ ಹಂಡೆ. ಕಟ್ಟೆಯಲ್ಲಿ ಜಾಗ ಸಾಲದು ಅಂತ ಮಸಾಲೆ ಡಬ್ಬವನ್ನು ಚಿಕ್ಕದು ಮಾಡಿದರೆ ಹಂಡೆ ಚಿಕ್ಕದಾಗುತ್ತದೆಯೇ? ಕಟ್ಟೆ ತುಂಬಿದಾಗ ಹುಡುಗ ಪ್ರತಿ ಸಲ ಏಣಿ ಹತ್ತಿ ಅಟ್ಟದಿಂದ ಸಾಮಾನು ಇಳಿಸಬೇಕು. ಕಂಪ್ಯೂಟರ್ ನಿಂತು ನಿಂತು ಉಸಿರಾಡುವುದು ಆಗಲೇ. ಸಯನ್ನಿನ ಒಬ್ಬ ಹೋಟೆಲ್ ಮಾಲೀಕರು ಇದನ್ನು ಕೇಳಿ ಕೂಡಲೇ ಅಂದರು, "ಹಾಗಾದ್ರೆ ಏಣಿ ಬದಲು ಲಿಫ್ಟ್ ಹಾಕ್ಬೇಕು." ಅಷ್ಟು ಚೆನ್ನಾಗಿ ನನಗೇ ಹೇಳಲು ಬಂದಿರಲಿಲ್ಲ. ಆ ಲಿಫ್ಟೇ ಎಸ್‌ಎಸ್‌ಡಿ, ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್.

ತಿರುಗುವ ಹಳೇ ಹಾರ್ಡ್ ಡಿಸ್ಕ್ ಚದುರಿದ ಸಣ್ಣ ಸಣ್ಣ ಕಡತಗಳನ್ನು ಸೆಕೆಂಡಿಗೆ ನೂರರ ಆಸುಪಾಸು ಮಾತ್ರ ಹೆಕ್ಕಬಲ್ಲದು. ಸಾಧಾರಣ ಎಸ್‌ಎಸ್‌ಡಿ ಸಾವಿರಗಟ್ಟಲೆ ಹೆಕ್ಕುತ್ತದೆ. ಅದಕ್ಕೇ ನನ್ನ ಮಾತು: ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಎಸ್‌ಎಸ್‌ಡಿ, ಆಮೇಲೆ ರ‍್ಯಾಮ್, ಕೊನೆಗೆ ಡೆಸ್ಕ್‌ಟಾಪಿನ ಚರ್ಚೆ. ಡಿಡಿಆರ್3 ರ‍್ಯಾಮ್ ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಗ್ರ್ಯಾಂಟ್ ರೋಡಿನಲ್ಲಿ ಇಳಿದು ನಡೆಯುವಷ್ಟೇ ದೂರ. ಆದರೆ ಹಳೇ ರ‍್ಯಾಮಿನ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ. ಡಿಡಿಆರ್2 ಹಿಂದಿನ ತಲೆಮಾರಿನದು, ಆ ಗಾಡಿಗೆ ಡಿಡಿಆರ್3 ಕೂರುವುದಿಲ್ಲ. ತೆಗೆದಾಗ ಅದರ ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ನಮ್ಮ ಮಳೆಗಾಲದ ತೇವಕ್ಕೆ ಅಲ್ಲಿ ಕಪ್ಪು ಕೂರುತ್ತದೆ. "ಕಂಪ್ಯೂಟರ್ ಸತ್ತಿದೆ" ಅಂತ ಬಂದ ಎಷ್ಟೋ ಡಬ್ಬಗಳು ಒಂದು ರಬ್ಬರಿನಿಂದ ಎದ್ದು ಕೂತಿವೆ.

ಎಲ್ಲಕ್ಕಿಂತ ಹಗುರದ್ದೇ ಬೇಕು ಅನ್ನುವ ಹಠದ ತಮ್ಮನಂಥ ಇನ್ನೊಂದು ಭಯ ಇದೆ. ಟರ್ಮಿನಲ್‌ನಲ್ಲಿ 'ಫ್ರೀ' ಅಂತ ಕೊಟ್ಟು, "ನೋಡಿ, ಫ್ರೀ ಅನ್ನೋ ಕಡೆ 150 ಎಂಬಿ ಮಾತ್ರ ಇದೆ, ಇನ್ನೂ ಹಗುರದ್ದು ಹಾಕೋಣ" ಅನ್ನುತ್ತಾರೆ. ಆ ಸಾಲಿನ ಕೊನೆಯಲ್ಲಿ 'ಅವೈಲಬಲ್' ಅಂತ ಇದೆ, ಅದನ್ನು ಓದಬೇಕು. ಖಾಲಿ ಬಿದ್ದ ರ‍್ಯಾಮ್ ಯಾರಿಗೂ ಉಪಯೋಗವಿಲ್ಲ ಅಂತ ಲಿನಕ್ಸ್ ಅದರಲ್ಲಿ ಈಗಷ್ಟೇ ಓದಿದ ಕಡತಗಳನ್ನು ಇಟ್ಟುಕೊಂಡಿರುತ್ತದೆ. ಬೇರೆಯವರಿಗೆ ಜಾಗ ಬೇಕು ಅಂದ ಕೂಡಲೇ ಬಿಟ್ಟುಕೊಡುತ್ತದೆ. ಫ್ರೀ ಕಮ್ಮಿ ಇದ್ದು ಅವೈಲಬಲ್ ಜಾಸ್ತಿ ಇದ್ದರೆ ನಿಮ್ಮ ಕಂಪ್ಯೂಟರ್ ಆರೋಗ್ಯವಾಗಿದೆ.

ಡೆಸ್ಕ್‌ಟಾಪ್ ಆಯ್ಕೆಯೇ ಮುಖ್ಯವಾಗುವ ಸಂದರ್ಭ ಇಲ್ಲವೇ? ಇದೆ. ರ‍್ಯಾಮ್ 2 ಜಿಬಿ ಇದ್ದು ಹೆಚ್ಚಿಸಲು ಆಗದಿದ್ದರೆ ಪ್ರತಿ ನೂರು ಎಂಬಿಯೂ ಲೆಕ್ಕಕ್ಕೆ ಬರುತ್ತದೆ. ಗ್ರಾಫಿಕ್ಸ್ ಹಳೆಯದಾಗಿದ್ದರೂ ಅಷ್ಟೇ. ಗ್ನೋಮ್, ಸಿನಮನ್ ಅನ್ನುವ ಡೆಸ್ಕ್‌ಟಾಪುಗಳು ಪರದೆಯ ಮೇಲಿನ ಪ್ರತಿ ಚಲನೆಯನ್ನೂ ಗ್ರಾಫಿಕ್ಸ್ ಚಿಪ್ಪಿನಿಂದ ಮಾಡಿಸುತ್ತವೆ. ಚಿಪ್ಪಿಗೆ ತಾಕತ್ತಿಲ್ಲದಿದ್ದರೆ ಆ ಹೊರೆ ಪ್ರೊಸೆಸರ್ ತಲೆ ಮೇಲೆ ಬೀಳುತ್ತದೆ, ಮೌಸ್ ಕೂಡ ತಡವರಿಸುತ್ತದೆ. ಅಂಥ ಕಡೆ ಎಕ್ಸ್‌ಎಫ್‌ಸಿಇ ಹಾಕಿ, ವಿಂಡೋ ಮ್ಯಾನೇಜರ್ ಟ್ವೀಕ್ಸ್‌ಗೆ ಹೋಗಿ ಕಿಟಕಿಗಳ ನೆರಳು, ಪಾರದರ್ಶಕತೆ ಮಾಡುವ ಕಾಂಪೊಸಿಟರನ್ನು ಆಫ್ ಮಾಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ನಾನು ಹತ್ತರಲ್ಲಿ ಏಳು ಮನೆಗೆ ಹಾಕುವುದು ಎಕ್ಸ್‌ಎಫ್‌ಸಿಇಯನ್ನೇ. 1996ರಲ್ಲಿ ಒಲಿವಿಯೆ ಫೂರ್ಡಾ ಶುರು ಮಾಡಿದ್ದು. ಎಷ್ಟೋ ವರ್ಷಗಳಿಂದ ಬಳಸುವವರನ್ನು ದಾರಿ ತಪ್ಪಿಸುವ ಹಾಗೆ ರೂಪ ಬದಲಿಸಿಲ್ಲ ಅನ್ನುವುದೇ ನನಗೆ ಅದರ ದೊಡ್ಡ ಗುಣ. ಮಾಟೆ ಕೂಡ ಒಳ್ಳೆಯದು. 2011ರಲ್ಲಿ ಗ್ನೋಮ್ 3 ಬಂದು ಎಲ್ಲ ತಲೆಕೆಳಗಾದಾಗ, ಹಳೇ ಗ್ನೋಮ್ 2 ಉಳಿಯಲಿ ಅಂತ ಅರ್ಜೆಂಟೀನಾದ ಒಬ್ಬ ಬಳಕೆದಾರ ಶುರು ಮಾಡಿದ್ದು. ಹೆಸರು ಅಲ್ಲಿಯ ಜನ ಕುಡಿಯುವ ಒಂದು ಕಷಾಯದ್ದು. ಎಲ್‌ಎಕ್ಸ್‌ಕ್ಯೂಟಿ 2 ಜಿಬಿ ಯಂತ್ರಗಳಿಗೆ. ಅದಕ್ಕೂ ಕೆಳಗೆ ಐಸ್‌ಡಬ್ಲ್ಯೂಎಂ ಅನ್ನುವ ವಿಂಡೋ ಮ್ಯಾನೇಜರ್ ಇರುವ ಆಂಟಿಎಕ್ಸ್ ಲಿನಕ್ಸ್. ಅದನ್ನು ಹಾಕಿದರೆ ನಾನೇ ಅರ್ಧ ದಿನ ಕೂತು ಮೆನು ಸರಿಮಾಡಿ ಕೊಡುತ್ತೇನೆ, ಹಾಗೇ ಬಿಟ್ಟು ಬರುವುದಿಲ್ಲ. 8 ಜಿಬಿ, ಎಸ್‌ಎಸ್‌ಡಿ ಎರಡೂ ಇದ್ದರೆ ಹಗುರದ ಮಾತೇ ಬೇಡ. ಸಿನಮನ್ ಇರುವ ಮಿಂಟ್ ಲಿನಕ್ಸ್ ಹಾಕಿಕೊಳ್ಳಿ, ವಿಂಡೋಸ್ 7 ಬಳಸಿದವರಿಗೆ ಅದು ಮನೆಯ ಹಾಗೇ ಇರುತ್ತದೆ.

"ನಂದು 32 ಬಿಟ್ ಕಂಪ್ಯೂಟರ್" ಅನ್ನುವವರಿಗೆ ಒಂದು ಮಾತು. 32 ಬಿಟ್ ಹಳೇ ಬಗೆ, 64 ಬಿಟ್ ಈಗಿನದು. ಹೆಚ್ಚಿನ ಸಲ 32 ಬಿಟ್ ಇರುವುದು ನಿಮ್ಮ ವಿಂಡೋಸ್, ಪ್ರೊಸೆಸರ್ ಅಲ್ಲ. ಕೋರ್ 2 ಡುಯೋ 2006ರಲ್ಲಿ ಬಂದಾಗಲೇ 64 ಬಿಟ್. ಇದನ್ನು ನೋಡದೆ 32 ಬಿಟ್ ಲಿನಕ್ಸ್ ಹುಡುಕಿಕೊಂಡು ಹೋಗಬೇಡಿ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಲಿನಕ್ಸಿನಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಕ್ರೋಮ್ ಲಿನಕ್ಸಿನಲ್ಲಿ 32 ಬಿಟ್ ಬಿಟ್ಟು 2016ಕ್ಕೇ ಆಯಿತು.

ಈಗ ಕನ್ನಡದ ವಿಷಯ. ಯಾವ ತುಲನೆಯಲ್ಲೂ ಇದು ಬರುವುದಿಲ್ಲ, ನಮಗೆ ಮಾತ್ರ ಇದೇ ಮೊದಲು ಬರಬೇಕು. ನಮ್ಮ ಹಿರಿಯರ ಬೆರಳಿಗೆ ಕೂತಿರುವುದು ನುಡಿ ತಂತ್ರಾಂಶದ ಕೆಜಿಪಿ ಕೀಬೋರ್ಡ್ ವಿನ್ಯಾಸ. ಅದರ ಮೂಲ ಕೆ.ಪಿ. ರಾವ್ ಅವರದು. ಅವರು ಇದೇ ಮುಂಬೈಯಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಮತ್ತು ಅದರ ಎಂ17ಎನ್ ಪೊಟ್ಟಣ ಹಾಕಿದರೆ ಕೆಜಿಪಿ ಸಿಗುತ್ತದೆ. ಮಿಂಟಿನಂಥ ಕಡೆ ಇದನ್ನು ಸೆಟ್ಟಿಂಗ್ಸ್‌ನಲ್ಲೇ ಆರಿಸಬಹುದು. ಬರೀ ವಿಂಡೋ ಮ್ಯಾನೇಜರಿನಲ್ಲಿ ಐಬಸ್ ತಾನಾಗಿ ಏಳುವುದಿಲ್ಲ. ಯಾವುದೋ ಕಡತದಲ್ಲಿ ನಾಲ್ಕು ಸಾಲು ಬರೆಯಬೇಕು. ಟೀಚರ ಯಂತ್ರದಲ್ಲಿ ಅದನ್ನು ಬರೆದಿರಲಿಲ್ಲ. ಜೊತೆಗೆ ಬರೆಯಲು ಕೊಟ್ಟದ್ದು ಟರ್ಮಿನಲ್ ಒಳಗಿನ ಎಡಿಟರ್. ಹೆಚ್ಚಿನ ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರ ನೆಟ್ಟಗೆ ಕೂರುವುದಿಲ್ಲ. ಅವರ ಹಳೇ ಲೇಖನ ಅದರಲ್ಲಿ ತೆರೆದರೆ 'ಅಕ್ಕ' ಇರಬೇಕಾದಲ್ಲಿ ಒಡೆದ ತುಣುಕುಗಳು. ಮೂರು ದಶಕ ಮಕ್ಕಳ ಒತ್ತಕ್ಷರ ತಿದ್ದಿದವರು ಅದನ್ನು ನೋಡಿ ಬಟ್ಟೆ ಹೊದಿಸಿದರು ಅಂದರೆ ಆಶ್ಚರ್ಯ ಇಲ್ಲ ಅಲ್ವಾ?

ನುಡಿಯ ಹಳೇ ಫಾಂಟಿನಲ್ಲಿ ಮಾಡಿದ ಕಡತಗಳಿದ್ದರೆ ವಿಂಡೋಸ್ ಅಳಿಸುವ ಮೊದಲೇ ಆ ಫಾಂಟುಗಳನ್ನೂ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಇಲ್ಲದಿದ್ದರೆ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಕಾಣಿಸುತ್ತವೆ. ಹಾಗೆ ಕಂಡರೂ ಅಳಿಸಬೇಡಿ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ.

ಕೆಲವರಿಗೆ ನಾನು ಲಿನಕ್ಸ್ ಬೇಡ ಅಂತಲೇ ಹೇಳುತ್ತೇನೆ. ಹೋಟೆಲಿನ ಲೆಕ್ಕ ಟ್ಯಾಲಿಯಲ್ಲಿದ್ದರೆ, ತೆರಿಗೆಗೆ ಡಿಜಿಟಲ್ ಸಹಿಯ ಟೋಕನ್ ಬಳಸುತ್ತಿದ್ದರೆ, ಅದಕ್ಕೆಂದೇ ಒಂದು ವಿಂಡೋಸ್ ಯಂತ್ರ ಇರಲಿ. ಪ್ರಿಂಟರನ್ನೂ ಮೊದಲೇ ನೋಡಬೇಕು. ಕೆಲವು ಹಳೇ ಲೇಸರ್ ಪ್ರಿಂಟರುಗಳು ಲಿನಕ್ಸಿನಲ್ಲಿ ಸುಲಭಕ್ಕೆ ಬಗ್ಗುವುದಿಲ್ಲ. ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವಿನಿಂದಲೇ ಲೈವ್ ಆಗಿ ನಡೆಸಿ ವೈಫೈ, ಸದ್ದು, ಪ್ರಿಂಟರ್ ಮೂರನ್ನೂ ಪರೀಕ್ಷಿಸಿ. ಆಗ ಕೂರಿಸಬೇಕಾದದ್ದು ನಿಮ್ಮನ್ನಲ್ಲ, ದಿನಾ ಬಳಸುವವರನ್ನು. ಅರ್ಧ ಗಂಟೆ ಹಿಂದೆ ನಿಂತು ಸುಮ್ನೆ ನೋಡಿ. ಅವರ ಕೈ ಪರದೆಯ ಯಾವ ಮೂಲೆಗೆ ಹೋಗುತ್ತದೋ ಮೆನು ಅಲ್ಲಿರಬೇಕು.

ಟೀಚರಿಗೆ ಎಸ್‌ಎಸ್‌ಡಿ ಹಾಕಿ ಎಕ್ಸ್‌ಎಫ್‌ಸಿಇ ಕೂರಿಸಿದೆ. ಕೆಳಗೆ ಪಟ್ಟಿ, ಎಡಕ್ಕೆ ಮೆನು, ಮೂರು ಐಕಾನ್: ಲೇಖನ ಬರೆಯಲು ರೈಟರ್, ಬ್ರೌಸರ್, ಅವರ ಲೇಖನಗಳ ಫೋಲ್ಡರ್. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನೂ ಬದಲಿಸಿದೆ. ಅದು ಸತ್ತು ತಾರೀಖು ಹಿಂದಕ್ಕೆ ಹೋಗಿದ್ದರಿಂದಲೇ ಬ್ಯಾಂಕಿನ ಪುಟ "ಸುರಕ್ಷಿತವಲ್ಲ" ಅನ್ನುತ್ತಿತ್ತು.

ಹೋದ ತಿಂಗಳು ಅವರ ಫೋನ್ ಬಂತು. ಅಕ್ಷರ ಸಣ್ಣದಾಯಿತು, ಏನು ಮಾಡಲಿ ಅಂದರು. ಮೆನು, ಸೆಟ್ಟಿಂಗ್ಸ್, ಅಪಿಯರೆನ್ಸ್, ಫಾಂಟ್ಸ್, ಅಲ್ಲಿ ಡಿಪಿಐ 96 ಇರುವುದನ್ನು 120 ಮಾಡಿ ಅಂದೆ. ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿತು, ಆಮೇಲೆ ಮೌಸಿನ ಟಿಕ್ ಟಿಕ್. ಎರಡು ನಿಮಿಷದ ಮೇಲೆ ಮತ್ತೆ ಫೋನ್ ಎತ್ತಿಕೊಂಡರು. "ಆಯ್ತು. ಅರವತ್ತು ಪುಟ ಟೈಪ್ ಮಾಡೋದು ಬಾಕಿ ಇದೆ, ಇಡ್ತೀನಿ" ಅಂದರು.