ಆ ಹಣ ರಾಜ್ಯದ ತಲೆಗೇ ಯಾಕೆ ಬಂತು?

ಅಮೆರಿಕದ ರಾಜ್ಯಗಳಲ್ಲಿ ಬಜೆಟ್ ಕಾಲ ಬಂತೆಂದರೆ ಶಾಸನಸಭೆಯ ಮೊಗಸಾಲೆಯಲ್ಲಿ ವೀಲ್‌ಚೇರ್‌ಗಳ ಸಾಲು ಕಾಣುತ್ತದೆ. ಬುದ್ಧಿಮಾಂದ್ಯ ಮಕ್ಕಳ ತಾಯಂದಿರು, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರು, ಅವರನ್ನು ನೋಡಿಕೊಳ್ಳುವ ಕೆಲಸಗಾರರು, ಎಲ್ಲರೂ ತಮ್ಮ ಆರೈಕೆಯ ಸೇವೆಗಳಿಗೆ ಹಣ ಕೇಳಲು ಬಂದಿರುತ್ತಾರೆ. ಸಮಿತಿಯ ಮುಂದೆ ಒಬ್ಬೊಬ್ಬರಿಗೆ ಸಿಗುವುದು ಎರಡೋ ಮೂರೋ ನಿಮಿಷ. ಅಷ್ಟರಲ್ಲಿ ಇಡೀ ಬದುಕನ್ನು ಹೇಳಿ ಮುಗಿಸಬೇಕು. ಮುಂದಿನ ವರ್ಷ ಮತ್ತೆ ಅದೇ ಮಾತು.

ಕೇಂದ್ರ ಸರ್ಕಾರ ಇರುವಾಗ ಇವರು ರಾಜ್ಯದ ಬಾಗಿಲಲ್ಲೇ ಯಾಕೆ ನಿಲ್ಲಬೇಕು? ಇದಕ್ಕೆ ಉತ್ತರ ಹುಡುಕಿದರೆ 1854ಕ್ಕೆ ಹೋಗಬೇಕಾಗುತ್ತದೆ.

ಡೊರೊಥಿಯಾ ಡಿಕ್ಸ್ ಎಂಬ ಶಾಲಾ ಶಿಕ್ಷಕಿ ಮ್ಯಾಸಚೂಸೆಟ್ಸ್‌ನ ಜೈಲು, ಬಡವರ ಆಶ್ರಯಮನೆಗಳನ್ನು ಸುತ್ತಿದರು. ಮಾನಸಿಕ ರೋಗಿಗಳನ್ನು ಪಂಜರದಲ್ಲಿ, ನೆಲಮಾಳಿಗೆಯಲ್ಲಿ, ಕೊಟ್ಟಿಗೆಯಂಥ ಜಾಗದಲ್ಲಿ ಕೂಡಿಹಾಕಿದ್ದನ್ನು ಕಂಡರು. ಕಂಡದ್ದನ್ನೆಲ್ಲ ಬರೆದು 1843ರಲ್ಲಿ ಶಾಸನಸಭೆಗೆ ಮನವಿ ಕೊಟ್ಟರು. ಅದನ್ನು ಸಭೆಯಲ್ಲಿ ಮಂಡಿಸಿದ್ದು ಮಾತ್ರ ಗಂಡಸು, ಶಾಸಕ ಸ್ಯಾಮ್ಯುಯೆಲ್ ಹೋವ್. ಆಗಿನ ಕಾಲ ಹಾಗಿತ್ತು. ಮನವಿ ಫಲಿಸಿತು, ವೂಸ್ಟರ್‌ನ ಆಸ್ಪತ್ರೆ ದೊಡ್ಡದಾಯಿತು.

ಆದರೆ ರಾಜ್ಯ ರಾಜ್ಯಕ್ಕೂ ಹೋಗಿ ಕೈಚಾಚುವುದು ಎಷ್ಟು ದಿನ? ಡಿಕ್ಸ್ ನೇರ ವಾಷಿಂಗ್ಟನ್‌ಗೆ ಹೋದರು. ಕೇಂದ್ರದ ಕೈಯಲ್ಲಿದ್ದ ಜಮೀನಿನಲ್ಲಿ 1 ಕೋಟಿ ಎಕರೆಗೂ ಜಾಸ್ತಿ ಇಂಥವರ ಆರೈಕೆಗಾಗಿ ಮೀಸಲಿಡಿ ಎಂದರು. ವರ್ಷಗಟ್ಟಲೆ ಓಡಾಡಿದ ಮೇಲೆ ಸಂಸತ್ತು ಒಪ್ಪಿತು. ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಮಾತ್ರ 1854ರಲ್ಲಿ ಆ ಮಸೂದೆಗೆ ವಿಟೊ ಹಾಕಿದರು. ದಾನಧರ್ಮ ಕೇಂದ್ರದ ಕೆಲಸವಲ್ಲ, ಸಂವಿಧಾನದಲ್ಲಿ ಅದಕ್ಕೆ ಜಾಗವಿಲ್ಲ ಎಂಬುದು ಅವರ ವಾದ. ಖರ್ಚು ರಾಜ್ಯಗಳ ತಲೆಗೆ ಬಿತ್ತು. ಅದಾದ ಮೇಲೆ ಸುಮಾರು ನೂರು ವರ್ಷ ಯಾರೂ ಅದನ್ನು ಗಟ್ಟಿಯಾಗಿ ಪ್ರಶ್ನಿಸಲಿಲ್ಲ.

ರಾಜ್ಯಗಳು ದೊಡ್ಡ ದೊಡ್ಡ ಆಸ್ಪತ್ರೆ ಕಟ್ಟಿದವು, ತುಂಬಿಸಿದವು. 1955ರ ಹೊತ್ತಿಗೆ ರಾಜ್ಯಗಳ ಮಾನಸಿಕ ಆಸ್ಪತ್ರೆಗಳಲ್ಲಿ 5.5 ಲಕ್ಷಕ್ಕೂ ಹೆಚ್ಚು ಜನರಿದ್ದರು. 1963ರಲ್ಲಿ ಜಾನ್ ಕೆನಡಿ ಹೊಸ ಕಾನೂನಿಗೆ ಸಹಿ ಹಾಕಿದರು. ಅವರ ತಂಗಿ ರೋಸ್‌ಮೇರಿ ಮಿದುಳಿನ ಶಸ್ತ್ರಚಿಕಿತ್ಸೆ ಕೆಟ್ಟು ಬದುಕಿಡೀ ಪರಾವಲಂಬಿಯಾಗಿದ್ದವರು, ಹಾಗಾಗಿ ಇದು ಮನೆಯ ವಿಷಯವೂ ಹೌದು. ಊರೂರಲ್ಲಿ ಚಿಕಿತ್ಸಾ ಕೇಂದ್ರ ತೆರೆಯೋಣ, ದೂರದ ಆಸ್ಪತ್ರೆ ಬೇಡ ಎಂಬುದು ಯೋಚನೆ. ಗುರಿ 1,500 ಕೇಂದ್ರ. ಆದದ್ದು ಹೆಚ್ಚುಕಡಿಮೆ ಅರ್ಧ.

1965ರಲ್ಲಿ ಬಡವರ ಆರೋಗ್ಯ ಯೋಜನೆ ಮೆಡಿಕೇಡ್ ಬಂತು. ಕೇಂದ್ರ, ರಾಜ್ಯ ಎರಡೂ ಸೇರಿ ಹಣ ಹಾಕುವ ಯೋಜನೆ. ಅದರಲ್ಲೊಂದು ಷರತ್ತಿತ್ತು: ಮಾನಸಿಕ ಆಸ್ಪತ್ರೆಗಳಲ್ಲಿರುವ 65 ವರ್ಷದೊಳಗಿನ ವಯಸ್ಕರಿಗೆ ಕೇಂದ್ರದ ಪಾಲು ಸಿಗದು. ರಾಜ್ಯಗಳು ಲೆಕ್ಕ ಹಾಕಿದವು. ಆಸ್ಪತ್ರೆ ನಡೆಸಿದರೆ ಪೂರ್ತಿ ಖರ್ಚು ತಮ್ಮದು. ಮುಚ್ಚಿದರೆ ಉಳಿತಾಯ. ರೋಗಿಗಳು ಹೊರಬಂದರು, ಉಳಿದ ದುಡ್ಡು ಅವರ ಹಿಂದೆ ಬರಲಿಲ್ಲ. ಆಸ್ಪತ್ರೆ ಮುಚ್ಚಿದ್ದೇ ತಪ್ಪು ಎಂದು ಈಗಲೂ ಕೆಲವರು ಹೇಳುತ್ತಾರೆ. ಬುದ್ಧಿಮಾಂದ್ಯರನ್ನು ಇರಿಸುತ್ತಿದ್ದ ನ್ಯೂಯಾರ್ಕ್‌ನ ವಿಲೋಬ್ರೂಕ್‌ ಎಂಬ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಬಟ್ಟೆಯಿಲ್ಲದೆ, ಹೊಲಸಿನಲ್ಲಿ ಬಿದ್ದಿದ್ದನ್ನು 1972ರಲ್ಲಿ ಟಿವಿಯಲ್ಲಿ ನೋಡಿದವರು ಹಾಗೆ ಹೇಳಲಾರರು. ತಪ್ಪಿದ್ದು ದುಡ್ಡಿನ ದಾರಿ.

1981ರಲ್ಲಿ ಎರಡು ಸಂಗತಿ ಆದವು. ರೇಗನ್ ಸರ್ಕಾರ ಮಾನಸಿಕ ಆರೋಗ್ಯದ ಕೇಂದ್ರ ಅನುದಾನವನ್ನು ಕಡಿಮೆ ಮಾಡಿ, ಒಂದೇ ಗಂಟಾಗಿ ರಾಜ್ಯಗಳ ಕೈಗೆ ಕೊಟ್ಟಿತು. ಅದೇ ವರ್ಷ, ಮನೆಯಲ್ಲೇ ಇದ್ದು ಸೇವೆ ಪಡೆಯಲು ಮೆಡಿಕೇಡ್‌ನಲ್ಲಿ ಅವಕಾಶವಾಯಿತು. ಇದಕ್ಕೆ ವೇವರ್, ಅಂದರೆ ನಿಯಮದಿಂದ ವಿನಾಯಿತಿ, ಎನ್ನುತ್ತಾರೆ. ಸಿಕ್ಕು ಇರುವುದು ಇಲ್ಲೇ. ನರ್ಸಿಂಗ್ ಹೋಮ್ ಖರ್ಚು ಕೊಡುವುದು ರಾಜ್ಯಕ್ಕೆ ಕಡ್ಡಾಯ. ಮನೆಯ ಸೇವೆ ಬಹುಪಾಲು ಐಚ್ಛಿಕ. ವೇವರ್‌ನಲ್ಲಿ ಎಷ್ಟು ಜನರಿಗೆ ಜಾಗ ಎಂದು ಮಿತಿಯನ್ನೂ ಹಾಕಬಹುದು. ವರ್ಮಾಂಟ್ ಬಿಟ್ಟು ಎಲ್ಲ ರಾಜ್ಯಗಳೂ ಒಂದಲ್ಲ ಒಂದು ರೀತಿಯಲ್ಲಿ ಆಯವ್ಯಯ ಸರಿದೂಗಿಸಲೇಬೇಕು. ಆದಾಯ ಕುಸಿದಾಗ ಕತ್ತರಿ ಮೊದಲು ಎಲ್ಲಿಗೆ ಬರುತ್ತದೆ? ಐಚ್ಛಿಕ ಅಂತ ಬರೆದಿರುವ ಕಡೆಗೇ ಅಲ್ವಾ. 2008ರ ಆರ್ಥಿಕ ಕುಸಿತದ ನಂತರದ ಕೆಲವೇ ವರ್ಷಗಳಲ್ಲಿ ರಾಜ್ಯಗಳು ಮಾನಸಿಕ ಆರೋಗ್ಯ ಸೇವೆಯಿಂದ ಕಡಿದದ್ದು 400 ಕೋಟಿ ಡಾಲರಿಗೂ ಜಾಸ್ತಿ.

ಕೋರ್ಟು ನೆರವಿಗೆ ಬರಲಿಲ್ಲವೇ? ಬಂತು. ಆಸ್ಪತ್ರೆ ಬಿಟ್ಟು ಹೊರಗೆ ಬದುಕಬಲ್ಲೆವು ಎಂದು ಜಾರ್ಜಿಯಾ ರಾಜ್ಯದ ಲೋಯಿಸ್ ಕರ್ಟಿಸ್ ಮತ್ತು ಇಲೇನ್ ವಿಲ್ಸನ್ ಹೂಡಿದ ದಾವೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅಗತ್ಯವಿಲ್ಲದೆ ಕೂಡಿಹಾಕುವುದು ತಾರತಮ್ಯ ಎಂದು 1999ರಲ್ಲಿ ಕೋರ್ಟು ಹೇಳಿತು. ಓಮ್‌ಸ್ಟೆಡ್ ತೀರ್ಪು ಎಂದೇ ಅದು ಹೆಸರಾಯಿತು. ಆದರೆ ರಾಜ್ಯದ ಬಳಿ ಇರುವ ಸಂಪನ್ಮೂಲವನ್ನೂ ನೋಡಬೇಕು ಎಂಬ ಮಾತು ಅದೇ ತೀರ್ಪಿನಲ್ಲಿದೆ. ಅಂದರೆ ಹಕ್ಕು ಸಿಕ್ಕಿತು, ಖರ್ಚಿನ ಬಿಲ್ಲು ಮತ್ತೆ ಶಾಸಕರ ಮೇಜಿಗೇ ಬಂತು. ಮನೆಯ ಸೇವೆಗೆ ಹೆಸರು ಬರೆಸಿ ಕಾಯುತ್ತಿದ್ದವರು 2024ರಲ್ಲಿ ದೇಶದಲ್ಲಿ ಸುಮಾರು 7 ಲಕ್ಷ.

ಹೀಗಾಗಿ ಸಮಿತಿಯ ಮುಂದೆ ಬರುವವರು ಸುಮ್ನೆ ಕಷ್ಟ ಹೇಳಿಕೊಂಡು ಹೋಗುವುದಿಲ್ಲ, ಲೆಕ್ಕವನ್ನೂ ತಂದಿರುತ್ತಾರೆ. ಈ ಸೇವೆಗಳಿಗೆ ಮೆಡಿಕೇಡ್‌ನಲ್ಲಿ ಕೇಂದ್ರ ಸಾಮಾನ್ಯವಾಗಿ ಕನಿಷ್ಠ ಅರ್ಧ ಪಾಲು ಕೊಡುತ್ತದೆ. ರಾಜ್ಯ ತನ್ನ 1 ಡಾಲರ್ ಉಳಿಸಿದರೆ ಕೇಂದ್ರದ ಕನಿಷ್ಠ 1 ಡಾಲರ್ ಕೂಡ ಬರುವುದಿಲ್ಲ. ಕಾಗದದಲ್ಲಿ 1 ಡಾಲರ್ ಕಡಿತ ಎಂದಿದ್ದರೂ ಸೇವೆಯಲ್ಲಿ ಹೋಗುವುದು ಕನಿಷ್ಠ 2 ಡಾಲರ್.