ಹಟ್ಟಿಯ ಮೈಕೋಪ್ಲಾಸ್ಮಾ ತೊಟ್ಟಿಲಿಗೂ ಬರುತ್ತದೆಯೇ?

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ಹಸುವಿನ ಕೆಚ್ಚಲು ಬಾವು ಎರಡು ಬಾರಿ ಔಷಧ ಏರಿಸಿದರೂ ಇಳಿಯಲಿಲ್ಲ. ಈಗ ಅದರ ಕರುವೂ ಕುಂಟುತ್ತಿದೆ, ಒಂದು ಕಿವಿ ಜೋತುಬಿದ್ದಿದೆ. ಮೈಕೋಪ್ಲಾಸ್ಮಾ ಇರಬಹುದೆಂದು ಡಾಕ್ಟರು ಹೇಳಿದರು. ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಹಸುಗೂಸಿಗೂ ಇದು ತಗಲುತ್ತದೆಯೇ?

ಉತ್ತರ: ಹಟ್ಟಿಯಿಂದ ಮಗುವಿಗೆ ಬರುವ ರೋಗ ಇದಲ್ಲ. ಮೈಕೋಪ್ಲಾಸ್ಮಾ ಎಂಬುದು ಬಲು ಸಣ್ಣ ಬ್ಯಾಕ್ಟೀರಿಯಾಗಳ ಒಂದು ಕುಲ; ಅದರಲ್ಲಿ ಕರುವನ್ನು ಕುಂಟಿಸುವುದು ಮೈಕೋಪ್ಲಾಸ್ಮಾ ಬೋವಿಸ್. ಶಿಶುಗಳನ್ನು ಕಾಡುವ ಮೈಕೋಪ್ಲಾಸ್ಮಾ ಹೋಮಿನಿಸ್ ಹಾಗೂ ಅದರ ಬಂಧು ಯೂರಿಯಾಪ್ಲಾಸ್ಮಾ ತಾಯಿಯ ಜನನಾಂಗದಲ್ಲಿ ನೆಲೆಸಿರುವಂಥವು. ಅವು ಗರ್ಭದಲ್ಲಿ ಅಥವಾ ಹೆರಿಗೆಯ ವೇಳೆ ಮಗುವಿಗೆ ದಾಟುತ್ತವೆ. ತುಂಬುದಿಂಗಳಿಗೆ ಹುಟ್ಟಿದ ಮಕ್ಕಳಲ್ಲಿ ಇವು ಬಹುತೇಕ ತೊಂದರೆ ಕೊಡದೆ ಇದ್ದು ಹೋಗುತ್ತವೆ. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಕೂಸಿನ ಎಳೆಯ ಶ್ವಾಸಕೋಶದಲ್ಲಿ ಮಾತ್ರ ಯೂರಿಯಾಪ್ಲಾಸ್ಮಾ ಎಬ್ಬಿಸುವ ಉರಿಯೂತವು ದೀರ್ಘಕಾಲದ ಉಸಿರಾಟದ ತೊಂದರೆಗೆ ದಾರಿಯಾಗಬಲ್ಲದು. ಹೋಮಿನಿಸ್ ಅಪರೂಪಕ್ಕೆ ಮೆದುಳಿನ ಪೊರೆಗೂ ಇಳಿಯುತ್ತದೆ.

ನಿಜಕ್ಕೂ ಯೋಚಿಸಬೇಕಾದುದು ಹಟ್ಟಿಯ ಬಗ್ಗೆ. ಈ ಸೂಕ್ಷ್ಮಜೀವಿಗಳಿಗೆ ಕೋಶಭಿತ್ತಿಯೇ ಇಲ್ಲ. ಪೆನಿಸಿಲಿನ್ ಜಾತಿಯ ಔಷಧಗಳು ಕೆಡವುವುದು ಆ ಗೋಡೆಯನ್ನೇ ಆದುದರಿಂದ ಇಲ್ಲಿ ಅವಕ್ಕೆ ಕೆಲಸವಿಲ್ಲ. ಸಾಮಾನ್ಯ ಕೆಚ್ಚಲು ಬಾವಿನಲ್ಲಿ ಹಸು ಮೇವು ಬಿಟ್ಟು ಸಪ್ಪಗಾಗುವುದುಂಟು; ಇಲ್ಲಿ ಅದು ಚೆನ್ನಾಗಿ ತಿನ್ನುತ್ತಲೇ ಇರುತ್ತದೆ, ಹಾಲು ಮಾತ್ರ ಒಮ್ಮೆಲೇ ಇಳಿಯುತ್ತದೆ, ಬಾವು ಒಂದು ಮೊಲೆಯಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಕರೆದ ಹಾಲನ್ನು ಲೋಟದಲ್ಲಿ ಇಟ್ಟು ನೋಡಿದರೆ ಕೆಲವೊಮ್ಮೆ ಮೇಲೆ ನೀರು, ತಳದಲ್ಲಿ ನುಣ್ಣನೆಯ ಮರಳಿನಂಥ ಗಸಿ ಕಾಣುತ್ತದೆ. ಗ್ರಂಥಿಯ ಅಂಗಾಂಶ ಗಟ್ಟಿಯಾಗಿ ನಾರುಗಟ್ಟಿದ ಮೇಲೆ ಆ ಭಾಗ ಮತ್ತೆ ಮೊದಲಿನಂತೆ ಹಾಲು ಕೊಡುವುದಿಲ್ಲ.

ಕರುವಿಗೆ ಸೋಂಕು ಮುಖ್ಯವಾಗಿ ಇದೇ ಹಾಲಿನಿಂದ ಬರುತ್ತದೆ. ಗಂಟಲಿನಿಂದ ನಡುಗಿವಿಗೆ ಏರಿದಾಗ ಕಿವಿ ಜೋಲುತ್ತದೆ, ತಲೆ ಒಂದು ಬದಿಗೆ ವಾಲುತ್ತದೆ. ರಕ್ತದ ಮೂಲಕ ಕೀಲುಗಳನ್ನು ತಲುಪಿದಾಗ ಮೊಣಕಾಲು ಬಾತುಕೊಳ್ಳುತ್ತದೆ. ಶ್ವಾಸಕೋಶದಲ್ಲಂತೂ ಸತ್ತ ಅಂಗಾಂಶ ಗಿಣ್ಣಿನಂತೆ ಗಟ್ಟಿಯಾಗಿ, ಸುತ್ತಲೂ ಪೊರೆ ಕಟ್ಟಿಕೊಂಡು ಕೂರುತ್ತದೆ. ಹಾನಿಯಲ್ಲಿ ದೊಡ್ಡ ಪಾಲು ಕರುವಿನದೇ ರೋಗನಿರೋಧಕ ಕಣಗಳದ್ದು: ಜೀವಿ ತನ್ನ ಮೇಲ್ಮೈಯ ಪ್ರೋಟೀನುಗಳನ್ನು ಬದಲಿಸುತ್ತ ತಪ್ಪಿಸಿಕೊಳ್ಳುತ್ತದೆ, ಅದನ್ನು ಅಟ್ಟಿಸಿಕೊಂಡು ಬಂದ ಕಣಗಳು ಅಂಗವನ್ನೇ ಕೆಡಿಸುತ್ತವೆ. ಪೊರೆ ಕಟ್ಟಿದ ಮೇಲೆ ಸರಿಯಾದ ಔಷಧವೂ ಒಳಹೊಗುವುದು ಕಷ್ಟ. ಆದುದರಿಂದ ಕರುವಿನ ಚಿಕಿತ್ಸೆ ಈ ವಾರವೇ ಆರಂಭವಾಗಲಿ.

ದನಗಳ ಸಾಂಕ್ರಾಮಿಕ ಶ್ವಾಸಕೋಶ ರೋಗದೊಂದಿಗೆ ಇದನ್ನು ಬೆರೆಸಬೇಡಿ. ಅದನ್ನು ತರುವುದು ಬೇರೊಂದು ಮೈಕೋಪ್ಲಾಸ್ಮಾ, ಭಾರತ ಅದರಿಂದ ಮುಕ್ತವೆಂದು 2007ರಲ್ಲೇ ಅಂತಾರಾಷ್ಟ್ರೀಯ ಮನ್ನಣೆ ಸಿಕ್ಕಿದೆ.

ಹಾಲಿನ ಮಾದರಿಯನ್ನು ಮೈಕೋಪ್ಲಾಸ್ಮಾಕ್ಕೆಂದೇ ಹೇಳಿ ಪರೀಕ್ಷೆಗೆ ಕಳುಹಿಸಿರಿ, ಏಕೆಂದರೆ ಜೀವಿಯನ್ನು ಬೆಳೆಸಿ ನೋಡುವ ಮಾಮೂಲಿ ಕಲ್ಚರ್‌ನಲ್ಲಿ ಅದು ಬೆಳೆಯುವುದಿಲ್ಲ. ಜೀವಿಯ ಡಿಎನ್ಎಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಆದರೆ ಬೇಗ ತಿಳಿಯುತ್ತದೆ. ಆ ಹಸುವನ್ನು ಬೇರೆ ಕಟ್ಟಿ, ಕೊನೆಯಲ್ಲಿ ಕರೆದು, ಕೈ ತೊಳೆದುಕೊಳ್ಳಿರಿ. ಅದರ ಹಾಲು ಸೊಸೈಟಿಗೂ ಬೇಡ, ಬಾಣಂತಿಗೂ ಬೇಡ, ಕರುವಿಗೂ ಬೇಡ. ಕರುವಿಗೆ ಬೇರೆ ಹಸುವಿನ ಹಾಲನ್ನು ಕುದಿಸಿ, ಉಗುರುಬೆಚ್ಚಗೆ ಆರಿಸಿ ಕುಡಿಸಿರಿ.