ಓಟಿಪಿ ಬಾರದ ಮನೆಗೂ ಒಂದು ವೋಟಿದೆ

ಮಳೆ ಕಡಿಮೆಯಾಗುವ ಹೊತ್ತಿಗೆ ನನಗೆ ಒಂದೇ ತರದ ಫೋನುಗಳು ಶುರುವಾಗುತ್ತವೆ. "ಈ ಸಲ ಸಂಘದ ಎಲೆಕ್ಷನ್ ಆನ್‌ಲೈನ್ ಮಾಡೋಣ ಅಂತ ಠರಾವಾಗಿದೆ. ಯಾವ ಸಾಫ್ಟ್‌ವೇರ್ ಒಳ್ಳೇದು?" ಶಿರಸಿ, ಸಿದ್ದಾಪುರದ ಸಂಘವಾದರೆ ಅರ್ಧ ಸದಸ್ಯರು ಬೆಂಗಳೂರಿನಲ್ಲಿರುತ್ತಾರೆ. ಹೊನ್ನಾವರ, ಭಟ್ಕಳದ ಕಡೆಯದಾದರೆ ಮುಂಬೈ, ಗೋವಾ, ದುಬೈಯಲ್ಲಿ. ವೋಟು ಹಾಕಲೆಂದೇ ಅವರು ಊರಿಗೆ ಬರುವುದಿಲ್ಲ. ಕಾರ್ಯದರ್ಶಿಗಳ ಕಷ್ಟ ನನಗೆ ಅರ್ಥವಾಗುತ್ತದೆ.

ಸಾಫ್ಟ್‌ವೇರ್ ಹೆಸರು ಹೇಳುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ. ಮೂರು ವೋಟಿನಲ್ಲಿ ಸೋತವರು ಮಾರನೇ ದಿನ ಕಚೇರಿಗೆ ಬಂದು "ನನ್ನ ಕಡೆಯವರ ವೋಟು ಎಲ್ಲಿ ಹೋಯ್ತು, ತೋರಿಸಿ" ಅಂದರೆ ಏನು ತೋರಿಸುತ್ತೀರಿ? ಕಾಗದದ ಚುನಾವಣೆಯಲ್ಲಿ ಪೆಟ್ಟಿಗೆ ಇತ್ತು, ಅರಗಿನ ಸೀಲು ಇತ್ತು, ಎಣಿಸುವಾಗ ಎದುರಿಗೆ ಕೂತ ಏಜೆಂಟ್ ಇದ್ದ. ಅವರ ಜಾಗದಲ್ಲಿ ಈಗ ಏನು ಬರುತ್ತದೆ? ಆಯ್ಕೆ ಶುರುವಾಗಬೇಕಾದದ್ದು ಅಲ್ಲಿಂದ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ಬರುವ ಸೊಸೈಟಿಯಾದರೆ ಚುನಾವಣೆ ಸಹಕಾರ ಚುನಾವಣಾ ಪ್ರಾಧಿಕಾರದ ಕೈಯಲ್ಲಿದೆ. ನೀವು ಸಾಫ್ಟ್‌ವೇರ್ ಹುಡುಕುವ ಕೆಲಸವೇ ಇಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇರುವ ಸಂಘವಾದರೆ ಮೊದಲು ಬೈಲಾ ತೆಗೆದು ಓದಿ. ಅದರಲ್ಲಿ "ಹಾಜರಿದ್ದ ಸದಸ್ಯರು" ಎಂದಿದ್ದರೆ ತಿದ್ದುಪಡಿ ಆಗದೆ ಮುಂದೆ ಹೋಗಬೇಡಿ. ಸುಮ್ನೆ ಕಮಿಟಿ ಠರಾವು ಸಾಕಾಗುವುದಿಲ್ಲ.

"ಗೂಗಲ್ ಫಾರ್ಮ್ ಸಾಕಲ್ವಾ, ಫ್ರೀ ಇದೆ" ಅನ್ನುವವರೂ ಇದ್ದಾರೆ. ಫಾರ್ಮಿನಲ್ಲಿ ಇಮೇಲ್ ಪಡೆದರೆ ಯಾರು ಯಾರಿಗೆ ಹಾಕಿದರು ಅನ್ನುವುದು ಫಾರ್ಮ್ ಮಾಡಿದವರ ಶೀಟಿನಲ್ಲಿ ಸಾಲಾಗಿ ಕಾಣುತ್ತದೆ. ಪಡೆಯದಿದ್ದರೆ ಒಬ್ಬನೇ ಬೇರೆಬೇರೆ ಖಾತೆಯಿಂದ ಹತ್ತು ಸಲ ಹಾಕಬಹುದು. ಶೀಟು ಕೈಯಲ್ಲಿದ್ದವರು ಆಮೇಲೆ ಅದನ್ನು ತಿದ್ದಬಹುದು ಬೇರೆ. ಪಿಕ್ನಿಕ್ ಎಲ್ಲಿಗೆ ಅಂತ ಕೇಳಲು ಅದು ಒಳ್ಳೆಯದು, ಅಧ್ಯಕ್ಷ ಯಾರು ಅಂತ ಕೇಳಲು ಅಲ್ಲ.

ಚುನಾವಣೆಗೆಂದೇ ಮಾಡಿದ ಸಾಫ್ಟ್‌ವೇರುಗಳಲ್ಲಿ ಎರಡು ಬಗೆ. ಒಂದು, ದುಡ್ಡು ಕೊಟ್ಟು ಸೇವೆ ಪಡೆಯುವುದು. ಅಲ್ಲಿ ಸಾಮಾನ್ಯವಾಗಿ ಕಂಪನಿಯ ಮಾತನ್ನು ನಂಬಬೇಕು. ಇನ್ನೊಂದು, ಹೀಲಿಯೋಸ್, ಬೆಲೆನಿಯೋಸ್ ತರದ್ದು. ಇವು ಮುಕ್ತ ತಂತ್ರಾಂಶ. ವೋಟು ನಿಮ್ಮ ಬ್ರೌಸರಿನಲ್ಲೇ ಗುಪ್ತಲಿಪಿಯಾಗಿ ಹೋಗುತ್ತದೆ. ಹಾಕಿದವರಿಗೆ ಒಂದು ಉದ್ದದ ಗುರುತು ಸಂಖ್ಯೆ ಸಿಗುತ್ತದೆ. ನಂತರ ಬಂದ ವೋಟುಗಳ ಪಟ್ಟಿಯಲ್ಲಿ ತನ್ನ ಸಂಖ್ಯೆ ಇದೆಯೇ ಅಂತ ನೋಡಿಕೊಳ್ಳಬಹುದು. ಯಾರಿಗೆ ಹಾಕಿದ್ದು ಎಂಬುದು ಮಾತ್ರ ಅದರಲ್ಲಿ ಕಾಣದು. ಸೋತವರಿಗೆ ತೋರಿಸಲು ಏನಾದರೂ ಇರುವುದು ಈ ಎರಡನೇ ಬಗೆಯಲ್ಲಿ. ಆದರೆ ಅದಕ್ಕೆ ಇಮೇಲ್ ಬಳಸುವ ಮತದಾರರು ಬೇಕು. ಹಾಗಾಗಿ ಹಳೆ ವಿದ್ಯಾರ್ಥಿ ಸಂಘಕ್ಕೆ ಇದನ್ನು ಹೇಳುತ್ತೇನೆ. ಅಡಿಕೆ ಬೆಳೆಗಾರರ ಕೂಟಕ್ಕೆ, ದೋಣಿ ಮಾಲೀಕರ ಕೂಟಕ್ಕೆ ಮೊಬೈಲ್ ನಂಬರಿನ ಮೇಲೆ ನಡೆಯುವ ಸೇವೆ ಹೇಳುತ್ತೇನೆ.

ಈಗ ನನ್ನ ನಿದ್ದೆ ಕೆಡಿಸುವ ವಿಷಯ: ಮತದಾರರ ಪಟ್ಟಿ. ನಮ್ಮ ಕಡೆ ಇದು ಬಹುತೇಕ 'ನುಡಿ' ತಂತ್ರಾಂಶದಲ್ಲಿ, ಅದರ ಹಳೇ ಫಾಂಟಿನಲ್ಲಿ ಟೈಪಾಗಿರುತ್ತದೆ. ಅದನ್ನು ಹಾಗೇ ಹಾಕಿದರೆ ಪರದೆ ತುಂಬ ಪೌಂಡ್ ಚಿಹ್ನೆ. 'ನ' ಇದ್ದಲ್ಲೆಲ್ಲ ಬ್ರಿಟನ್ನಿನ ದುಡ್ಡು! ಮೊದಲು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ ಬದಲಿಸಿ. ಎಕ್ಸೆಲ್‌ನಿಂದ ಉಳಿಸುವಾಗ ಯುಟಿಎಫ್-8 ಸಿಎಸ್‌ವಿ ಎಂಬುದನ್ನೇ ಆರಿಸಿ, ಇಲ್ಲದಿದ್ದರೆ ಕನ್ನಡ ಹೋಗಿ ಪ್ರಶ್ನೆ ಚಿಹ್ನೆ ಉಳಿಯುತ್ತದೆ. 91 ಸೇರಿಸಿದ ಮೊಬೈಲ್ ನಂಬರನ್ನು ಎಕ್ಸೆಲ್ ದೊಡ್ಡ ಸಂಖ್ಯೆ ಎಂದುಕೊಂಡು 9.19ಇ+11 ಎಂದು ಕುಗ್ಗಿಸುತ್ತದೆ. ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿಡಿ.

ಇನ್ನು ಒಂದು ಮನೆಗೆ ಒಂದೇ ನಂಬರು. ಅಪ್ಪ, ಅಮ್ಮ, ಮಗ ಮೂವರೂ ಸದಸ್ಯರು, ಪಟ್ಟಿಯಲ್ಲಿ ಮೂವರಿಗೂ ಅಪ್ಪನ ಮೊಬೈಲು. ಹೀಗೇ ಬಿಟ್ಟರೆ ಮೂರು ವೋಟೂ ಅಪ್ಪನದೇ. ಎಸ್ಟೋನಿಯಾ ದೇಶದಲ್ಲಿ 2005ರಿಂದ ಆನ್‌ಲೈನ್ ಮತದಾನ ಇದೆ. ಅಲ್ಲಿ ಒಬ್ಬರು ಎಷ್ಟು ಸಲ ಬೇಕಾದರೂ ವೋಟು ಬದಲಿಸಬಹುದು, ಕೊನೆಯದು ಲೆಕ್ಕಕ್ಕೆ. ಎದುರಿಗೆ ಕೂತು ಹಾಕಿಸಿಕೊಂಡವರು ಹೋದ ಮೇಲೆ ಬದಲಿಸಲಿ ಅಂತ. ಸಾಫ್ಟ್‌ವೇರಿನಲ್ಲಿ ಈ ಅವಕಾಶ ಇದ್ದರೆ ಆನ್ ಮಾಡಿ. ಆದರೂ ನಂಬರು ಬೇರೆಬೇರೆ ಮಾಡಿಸುವ ಕೆಲಸ ತಪ್ಪದು. ಒಂದು ತಿಂಗಳು ಮನೆಮನೆಗೆ ಫೋನ್ ಮಾಡಬೇಕು, ಅಷ್ಟೇ.

ನಂಬರು ಸರಿ ಇದ್ದರೂ ಓಟಿಪಿ ಬರಬೇಕಲ್ಲ. ಶಿರಸಿ ಕಡೆಯ ಒಂದು ಹಳ್ಳಿಯಿಂದ ವಯಸ್ಸಾದವರೊಬ್ಬರು ಫೋನ್ ಮಾಡಿದರು, ಅದೂ ವಾಟ್ಸಾಪ್ ಕಾಲ್. "ವಾಯ್‌ಫೈ ಇದ್ದು ತಮಾ, ಓಟಿಪಿ ಬೈಂದಿಲ್ಲೆ." ತೋಟದ ಮನೆಗೆ ಫೈಬರ್ ಬಂದಿದೆ, ಟವರ್ ಸಿಗ್ನಲ್ ಮಾತ್ರ ಇಲ್ಲ. ವಾಟ್ಸಾಪ್ ನಡೆಯುತ್ತದೆ, ಎಸ್ಸೆಮ್ಮೆಸ್ ನಡೆಯುವುದಿಲ್ಲ. ಅವರು ಗುಡ್ಡ ಹತ್ತಿ ಓಟಿಪಿ ತೆಗೆದುಕೊಂಡು ಕೆಳಗೆ ಬರುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಅವಧಿ 5 ನಿಮಿಷ ಅಂತ ಇಟ್ಟವನು ನಾನೇ. ಈಗ 30 ನಿಮಿಷ ಇಡುತ್ತೇನೆ, ವಾಟ್ಸಾಪ್ ಅಥವಾ ಇಮೇಲಿಗೆ ಕಳಿಸುವ ದಾರಿಯನ್ನೂ ತೆರೆದಿಡುತ್ತೇನೆ. ವಿದೇಶಿ ಸೇವೆ ತೆಗೆದುಕೊಳ್ಳುವವರು ಇನ್ನೊಂದು ಕೇಳಿಕೊಳ್ಳಿ. ಭಾರತದಲ್ಲಿ ಹೀಗೆ ಎಸ್ಸೆಮ್ಮೆಸ್ ಕಳಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಕಳಿಸುವವರ ಹೆಸರು, ಸಂದೇಶದ ಮಾದರಿ ಎರಡೂ ಮೊದಲೇ ನೋಂದಣಿಯಾಗಿರಬೇಕು. ಅದನ್ನು ಮಾಡಿಸುವವರು ಯಾರು ಅಂತ ಬರಹದಲ್ಲಿ ತೆಗೆದುಕೊಳ್ಳಿ.

ಮತಪತ್ರ ಸಿದ್ಧಮಾಡುವಾಗ, ಒಬ್ಬರು ಎಷ್ಟು ಜನರನ್ನು ಆರಿಸಬಹುದು ಎಂಬುದಕ್ಕೆ ಕನಿಷ್ಠ, ಗರಿಷ್ಠ ಎಂಬ ಎರಡು ಪುಟ್ಟ ಖಾನೆಗಳಿವೆ. ಏಳು ಸ್ಥಾನ ಇದ್ದರೆ ಗರಿಷ್ಠ 7 ಸರಿ. ಕನಿಷ್ಠವನ್ನೂ 7 ಮಾಡಿದರೆ, ಮೂವರನ್ನಷ್ಟೇ ಬಲ್ಲವರು ಇನ್ನು ನಾಲ್ವರಿಗೆ ಕಣ್ಮುಚ್ಚಿ ಒತ್ತಬೇಕಾಗುತ್ತದೆ. ಬೈಲಾ ಬೇರೆ ಹೇಳದಿದ್ದರೆ ಕನಿಷ್ಠ 0 ಇರಲಿ. ಒಂದೇ ಹೆಸರಿನ ಇಬ್ಬರು ನಿಂತಿದ್ದರೆ ಊರು, ಫೋಟೋ ಹಾಕಿ. ನಮ್ಮಲ್ಲಿ ಗಣಪತಿ, ಮಂಜುನಾಥ ಅಂತ ಕೂಗಿದರೆ ಎಷ್ಟು ಜನ ತಿರುಗುತ್ತಾರೆ ಹೇಳಿ! ಫಲಿತಾಂಶವನ್ನು ಊರುವಾರು ತೋರಿಸುವ ಆಯ್ಕೆ ಆಫ್ ಮಾಡಿ. ಮೂರೇ ಸದಸ್ಯರಿರುವ ಊರಿನ ಗುಟ್ಟು ಅಲ್ಲೇ ಬಯಲಾಗುತ್ತದೆ.

ಸಮಯದ ಖಾನೆಯಲ್ಲಿ ನಾನು ಬಿದ್ದಿದ್ದೇನೆ. ಮತದಾನ ಸಂಜೆ 5ಕ್ಕೆ ಮುಗಿಯಬೇಕು ಅಂತ 17:00 ಹಾಕಿದ್ದೆ. ಆ ಸಾಫ್ಟ್‌ವೇರ್ ಯುಟಿಸಿಯಲ್ಲಿತ್ತು, ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯದಲ್ಲಿ. ಅಂದರೆ ನಮ್ಮ ರಾತ್ರಿ 10:30. ಐದೂಕಾಲಿಗೆ ಕಾರ್ಯದರ್ಶಿ ಫೋನು: "ಇನ್ನೂ ವೋಟು ಬೀಳ್ತಾ ಇದೆಯಲ್ಲ ಮಾರಾಯ್ರೇ!" ಕೈಯಿಂದಲೇ ನಿಲ್ಲಿಸಿದೆ. ಅಷ್ಟರಲ್ಲಿ ಬಂದ ಒಂದಷ್ಟು ವೋಟುಗಳನ್ನು ಬೇರೆ ಮಾಡುವಂತಿಲ್ಲ, ಗುಪ್ತ ಮತದಾನ ಅಲ್ವಾ. ಎರಡೂ ಕಡೆಯವರಿಂದ ಒಪ್ಪಿಗೆ ಬರೆಸಿಕೊಳ್ಳಬೇಕಾಯಿತು. ಈಗ ಹತ್ತು ಜನರ ಒಂದು ಸುಳ್ಳು ಚುನಾವಣೆ ನಡೆಸಿ, ಅದು ಹೇಳಿದ ಹೊತ್ತಿಗೆ ಮುಚ್ಚಿದ್ದನ್ನು ಕಣ್ಣಾರೆ ನೋಡಿದ ಮೇಲೇ ಲಿಂಕ್ ಕಳಿಸುವುದು.

ಕೊನೆಯದು ಕೀಲಿ. ಹೀಲಿಯೋಸ್ ತರದ್ದರಲ್ಲಿ ಪೆಟ್ಟಿಗೆ ತೆರೆಯುವ, ಅಂದರೆ ಗುಪ್ತಲಿಪಿಯ ವೋಟು ಬಿಡಿಸುವ ಡಿಜಿಟಲ್ ಕೀಲಿಯನ್ನು ಕೆಲವರಿಗೆ ಹಂಚಿ ಕೊಡಬಹುದು. ಹಂಚುವಾಗ ಎಚ್ಚರ. ಗುಪ್ತಲಿಪಿ ಸಂಶೋಧಕರ ಅಂತರರಾಷ್ಟ್ರೀಯ ಸಂಘ ಐಎಸಿಆರ್, 2025ರ ಚುನಾವಣೆಯಲ್ಲಿ ಮೂವರಿಗೆ ಕೀಲಿ ಕೊಟ್ಟಿತ್ತು, ಮೂರೂ ಬೇಕಿತ್ತು. ಒಬ್ಬರ ಕೀಲಿ ಕಳೆದುಹೋಯಿತು. ಎಣಿಸಲು ಆಗದೆ ಚುನಾವಣೆಯನ್ನೇ ಮತ್ತೆ ಮಾಡಬೇಕಾಯಿತು. ಲೋಕಕ್ಕೆ ಕೀಲಿಯ ಪಾಠ ಹೇಳುವವರ ಕಥೆ ಇದು! ಎರಡನೇ ಸಲ ಅವರು ಮೂರರಲ್ಲಿ ಎರಡು ಸಾಕು ಎಂದರು.

ನಾನೂ ಆ ಸೌಲಭ್ಯ ಇರುವ ಕಡೆ ಮೂರರಲ್ಲಿ ಎರಡು ಎಂದೇ ಇಡುತ್ತೇನೆ. ಕೀಲಿ ಚುನಾವಣಾಧಿಕಾರಿಗೆ ಒಂದು, ಎರಡೂ ಬಣ ಒಪ್ಪುವ ಹಿರಿಯರಿಗೆ ಒಂದು, ಊರಿನ ಹೊರಗಿರುವ ಒಬ್ಬರಿಗೆ ಒಂದು. ಕಳೆದ ಸಲ ಆ ಹಿರಿಯರು ಪೆನ್‌ಡ್ರೈವನ್ನು ಅರಿಸಿನ ಕುಂಕುಮದ ಪೆಟ್ಟಿಗೆಯೊಳಗೆ, ದೇವರ ಕೋಣೆಯಲ್ಲಿ ಇಟ್ಟಿದ್ದರು. ಎಣಿಕೆಯ ದಿನ ಅದನ್ನು ಲ್ಯಾಪ್‌ಟಾಪಿಗೆ ಹಾಕುವ ಮೊದಲು ಬ್ರಷ್ಷಿನಿಂದ ಕುಂಕುಮ ಕೊಡವಬೇಕಾಯಿತು. ತೆರೆಯಿತು.